ಫ್ಯೂಸಿನ ಜಾಗದಲ್ಲಿ ಬಲ್ಬು

ಏಪ್ರಿಲ್ ಕೊನೆಯ ವಾರ. ಬೆಳಗಿನ 5ಕ್ಕೆ ಅವ್ವನನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೊರಡಬೇಕಿತ್ತು. ಅವಳ ಬಲಗಣ್ಣಿನ ಪೊರೆ ತೆಗೆಸಲು ಒಂದು ತಿಂಗಳ ಹಿಂದೆಯೇ ದಿನ ಗೊತ್ತಾಗಿತ್ತು. ಅಕ್ಕ ರಾತ್ರಿಯೇ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದಳು. ಎಲ್ಲರೂ ಕಾರಿನಲ್ಲಿ ಕುಳಿತ ಮೇಲೆ ಕೀ ತಿರುಗಿಸಿದೆ. ‘ಟಕ್’ ಎಂಬ ಒಂದೇ ಸದ್ದು. ಮುಂದಿನ ದೀಪಗಳೆಲ್ಲ ಮಂಕಾಗಿ ನಂದಿದವು.

ಪರೀಕ್ಷೆ, ಮೌಲ್ಯಮಾಪನ ಎಂದು ಮೂರು ವಾರ ಬಸ್ಸಿನಲ್ಲೇ ಓಡಾಡಿದ್ದೆ. ಕಾರು ಕಲಬುರಗಿಯ ಸೇಡಂ ರಸ್ತೆಯ ನಮ್ಮ ಬಡಾವಣೆಯಲ್ಲಿ, ಮನೆಯ ಮುಂದೆ, ನೆರಳಿಲ್ಲದ ಜಾಗದಲ್ಲಿ ನಿಂತೇ ಇತ್ತು. ಬ್ಯಾಟರಿ ಇಳಿದಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎದುರು ಮನೆಯ ಹುಡುಗನನ್ನು ಎಬ್ಬಿಸಿದೆ. ಅವನು ಕಣ್ಣುಜ್ಜಿಕೊಳ್ಳುತ್ತಲೇ ತನ್ನ ಕಾರನ್ನು ತಂದು ನಮ್ಮ ಕಾರಿಗೆ ಮುಖಾಮುಖಿಯಾಗಿ ನಿಲ್ಲಿಸಿದ, ಎಂಜಿನ್ ಚಾಲೂ ಇಟ್ಟ. ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟು ಕೊಡುವ ಜಂಪ್ ಕೇಬಲ್ ನನ್ನದು. ಎಷ್ಟೋ ವರ್ಷದ ಹಿಂದೆ ಕೊಂಡದ್ದು. ಎರಡೂ ವೈರು ಕಪ್ಪು, ಹಿಡಿಕೆಗಳ ಕೆಂಪು ಕವಚದಲ್ಲಿ ಒಂದು ಕಳಚಿ ಬಿದ್ದಿತ್ತು. ನಮ್ಮ ಬ್ಯಾಟರಿಯ ಎರಡೂ ಕಂಬಗಳ ಮೇಲೆ ಬಿಳಿ-ನೀಲಿ ಪುಡಿ ಕೂತಿತ್ತು. ಪ್ಲಸ್ ಕಂಬದ ಮೇಲಿರಬೇಕಾದ ಕೆಂಪು ಟೊಪ್ಪಿಗೆ ಯಾವಾಗಲೋ ಕಳೆದುಹೋಗಿತ್ತು. ಎಡಗೈಯಲ್ಲಿ ಮೊಬೈಲ್ ಬೆಳಕು, ಬಲಗೈಯಲ್ಲಿ ಹಿಡಿಕೆ. ಗಡಿಯಾರ 5.20 ತೋರಿಸುತ್ತಿತ್ತು. ಅಕ್ಕನ ಮಗ ಸ್ಟಿಯರಿಂಗ್ ಮುಂದೆ ಕುಳಿತು, ಕೀ ತಿರುಗಿಸಿಯೇ ಇಟ್ಟುಕೊಂಡು, “ಮಾಮಾ, ಹೊಡೆಯಲೇ?” ಎಂದು ಕೇಳುತ್ತಿದ್ದ.

ಕೊನೆಯ ಹಿಡಿಕೆಯನ್ನು ಮುಟ್ಟಿಸಿದೆ. ಕೊಡಲಿಯಿಂದ ಕಬ್ಬಿಣಕ್ಕೆ ಹೊಡೆದಂತೆ ಸದ್ದು, ಕಣ್ಣು ಕುಕ್ಕುವ ನೀಲಿ ಕಿಡಿ, ಹಿಂದೆಯೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಹಿಡಿಕೆ ಕಂಬಕ್ಕೆ ಕಚ್ಚಿಕೊಂಡಿತ್ತು, ಎಳೆದು ಬಿಡಿಸಬೇಕಾಯಿತು. ಎರಡು ಸೆಕೆಂಡು ಆಗಿರಬಹುದು. ಪ್ಲಸ್ಸಿಗೆ ಮೈನಸ್, ಮೈನಸ್ಸಿಗೆ ಪ್ಲಸ್ ಕೊಟ್ಟಿದ್ದೆ.

ನಾನು ವಿಜ್ಞಾನದ ಮಾಸ್ತರ. ವಿದ್ಯುತ್ ಪಾಠವನ್ನು ಹದಿನೆಂಟು ವರ್ಷಗಳಿಂದ ಹೇಳುತ್ತಿದ್ದೇನೆ. ಆ ಕ್ಷಣದಲ್ಲಿ ನನ್ನೊಳಗೆ ಭಯಕ್ಕಿಂತ ಮೊದಲು ನಾಚಿಕೆ ಎದ್ದು ನಿಂತಿತು. ಮುಂದೆ ಹತ್ತು ದಿನ ಎಡವಿದ್ದಕ್ಕೆಲ್ಲ ಕಾರಣ ಆ ನಾಚಿಕೆಯೇ. ಕೇಬಲ್ ಅದಲುಬದಲಾದದ್ದು ಅಷ್ಟು ದೊಡ್ಡ ವಿಷಯವಾಗಿರಲಿಲ್ಲ.

ಕೇಬಲ್ ಸರಿಯಾಗಿ ಹಾಕಿ ಮತ್ತೆ ನೋಡಿದೆವು. ಸೆಲ್ಫ್ ಚೆನ್ನಾಗಿಯೇ ತಿರುಗಿತು, ಎಂಜಿನ್ ಮಾತ್ರ ಹಿಡಿಯಲಿಲ್ಲ. ಕೀ ಆನ್ ಮಾಡಿದಾಗ ಹಳದಿಯಾಗಿ ಹತ್ತಬೇಕಾದ ಎಂಜಿನ್ ದೀಪವೂ ಹತ್ತಲಿಲ್ಲ. ಕೊನೆಗೆ ಬಾಡಿಗೆ ಗಾಡಿ ಕರೆಸಿ ಸೊಲ್ಲಾಪುರ ಮುಟ್ಟಿದೆವು. ಆಳಂದ ರಸ್ತೆಗೆ ಬಿದ್ದ ಮೇಲೆ ಅವ್ವ ಕೇಳಿದಳು: “ಗಾಡಿಗೆ ಏನಾಯಿತಪ್ಪ?” “ಬ್ಯಾಟರಿ ಹಳೆಯದಾಗಿತ್ತು ಅವ್ವ” ಎಂದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಅವಳ ಕಣ್ಣಿನ ಕೆಲಸ ಸುಸೂತ್ರವಾಗಿ ಮುಗಿಯಿತು, ಅದೊಂದು ಸಮಾಧಾನ.

ಎರಡು ದಿನ ಬಿಟ್ಟು ಕಾರನ್ನು ಎಳೆಸಿಕೊಂಡು ಒಂದು ದೊಡ್ಡ ವರ್ಕ್‌ಶಾಪಿಗೆ ಹೋದೆ. ಅಲ್ಲಿದ್ದ ಹುಡುಗ ಚುರುಕು, ಮಾತಿನಲ್ಲಿ ಮರ್ಯಾದೆ ಇದ್ದವನು. ಸ್ಟಿಯರಿಂಗ್ ಕೆಳಗಿನ ಜೋಡಣೆಗೆ ಸ್ಕ್ಯಾನರ್ ಸಿಕ್ಕಿಸಿ ನೋಡಿದ. ಬ್ರೇಕಿನ ನಿಯಂತ್ರಕ ಮಾತನಾಡುತ್ತದೆ, ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಅಂದರೆ ಇಸಿಎಂ, ಮಾತನಾಡುವುದಿಲ್ಲ. ಬಾನೆಟ್ ಒಳಗಿನ ಪೆಟ್ಟಿಗೆಯಲ್ಲಿ 15 ಆಂಪಿಯರಿನ ನೀಲಿ ಫ್ಯೂಸ್ ಒಂದು ಹಾರಿರುವುದು ಅವನ ಕಣ್ಣಿಗೆ ಬಿತ್ತು. ಹೊಸದನ್ನು ಹಾಕಿ ಕೀ ಆನ್ ಮಾಡಿದ, ಅದೂ ಹಾರಿತು. ಇನ್ನೊಂದು ಹಾಕಿದ, ಅದೂ ಹೋಯಿತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: “ಸರ್, ಇದಕ್ಕೆ ಮೊದಲು ಏನಾದರೂ ಆಗಿತ್ತೇ? ಬೇರೆ ಯಾರಾದರೂ ಕೈ ಹಾಕಿದ್ದರೇ?”

“ಇಲ್ಲ. ನಿಂತಲ್ಲೇ ಹೀಗಾಯಿತು” ಎಂದೆ.

ಅವನ ತರ್ಕದಲ್ಲಿ ತಪ್ಪಿಲ್ಲ. ನಿಂತಲ್ಲೇ ಫ್ಯೂಸ್ ಹಾರಲು ಶುರುವಾಗಿದೆ, ಇಸಿಎಂ ಉತ್ತರ ಕೊಡುತ್ತಿಲ್ಲ, ಅಂದಮೇಲೆ ಇಸಿಎಂ ಒಳಗೇ ಶಾರ್ಟ್ ಆಗಿದೆ. ಹೊಸ ಇಸಿಎಂ ತರಿಸಿ, ಕೀಯ ಗುರುತನ್ನು ಅದಕ್ಕೆ ಕಲಿಸಿ ಕೂರಿಸಲು ಸುಮಾರು 38 ಸಾವಿರ ರೂಪಾಯಿ ಆಗಬಹುದೆಂದ. ನಾನು ಕೊಟ್ಟ ಮಾಹಿತಿಗೆ ತಕ್ಕ ಉತ್ತರ ಅದು. ರೋಗಿ ವಿಷ ಕುಡಿದದ್ದನ್ನು ಮುಚ್ಚಿಟ್ಟು ಹೊಟ್ಟೆನೋವು ಎಂದಷ್ಟೇ ಹೇಳಿದರೆ ವೈದ್ಯ ಏನು ಮಾಡಿಯಾನು? ಯೋಚಿಸಿ ಹೇಳುತ್ತೇನೆಂದು ಹೇಳಿ ಮನೆಗೆ ಬಂದೆ. ರಾತ್ರಿ ನಿದ್ದೆ ಬರಲಿಲ್ಲ. ಹಣದ ಚಿಂತೆ ಒಂದು ಕಡೆ, ಆ ಹುಡುಗನ ಪ್ರಶ್ನೆ ಇನ್ನೊಂದು ಕಡೆ.

ನಮ್ಮ ಶಾಲೆಯ ದೈಹಿಕ ಶಿಕ್ಷಕರು ಕಪನೂರ ಕಡೆಗೆ ಹೋಗುವ ರಸ್ತೆಯಲ್ಲಿರುವ ಒಬ್ಬ ಹಳೆಯ ಆಟೋ ಎಲೆಕ್ಟ್ರಿಷಿಯನ್ ಬಗ್ಗೆ ಹೇಳಿದರು. ತಗಡಿನ ಛಾವಣಿ, ಮುಂದೆ ಬೇವಿನ ಮರ, ಗೋಡೆಗೆ ಒರಗಿಸಿಟ್ಟ ನಾಲ್ಕಾರು ಸೆಲ್ಫ್ ಮೋಟರುಗಳು, ಎಣ್ಣೆ ಕುಡಿದು ಕಪ್ಪಾದ ಶಹಾಬಾದಿ ಕಲ್ಲಿನ ಹಾಸು. ಊರಿನವರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಾರೆ; ನಾನು ಚಾಚಾ ಎಂದು ಕರೆದೆ. ಟ್ರ್ಯಾಕ್ಟರು, ಲಾರಿಗಳಲ್ಲಿ ಕೆಲಸ ಕಲಿತವರು. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಗಾಡಿಯ ಲೋಹದ ಮೈಗೆ ಮೈನಸ್ ಬದಲು ಪ್ಲಸ್ಸನ್ನೇ ಜೋಡಿಸಿ ಅರ್ಥ್ ಮಾಡುತ್ತಿದ್ದರೆಂದು, ಚಿಕ್ಕಂದಿನಲ್ಲಿ ಅಂಥ ಒಂದು ಗಾಡಿಯ ಮೇಲೂ ಕೈ ಆಡಿಸಿದ್ದಾಗಿಯೂ ಆಮೇಲೆ ಹೇಳಿದರು. ಅದಕ್ಕೇ ಇರಬೇಕು, ಯಾವ ಗಾಡಿ ಬಂದರೂ ಯಾವ ಕಂಬ ಯಾವುದು ಎಂದು ಮೊದಲು ತಾವೇ ನೋಡುವುದು ಅವರಿಗೆ ರೂಢಿ.

ನಾನು ಅಲ್ಲಿಯೂ ಅದೇ ಹಳೆಯ ಪಾಠ ಒಪ್ಪಿಸಿದೆ. ಚಾಚಾ ಸ್ಕ್ಯಾನರ್ ತರಲಿಲ್ಲ. ಬಾನೆಟ್ ಎತ್ತಿ, ಕನ್ನಡಕ ಹಣೆಯಿಂದ ಕೆಳಗಿಳಿಸಿ, ಬ್ಯಾಟರಿಯ ಮೇಲೆ ಬಗ್ಗಿದರು. ಒಂದು ಕಂಬದ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದರು. ಮೆದುವಾದ ಸೀಸದ ಮೇಲೆ ಜೋಳದ ಕಾಳಿನಷ್ಟು ಗುಳಿ, ಅದರ ಅಂಚಿನಲ್ಲಿ ಕರಗಿ ಗಟ್ಟಿಯಾದ ಸಣ್ಣ ಮಣಿಗಳು, ಸುತ್ತ ತಾಮ್ರದ ಕೆಂಪು ಮಸಿ.

“ಮಾಸ್ತರರೇ, ಈ ಕಂಬಕ್ಕೆ ಬೆಂಕಿ ಕಚ್ಚಿದೆ” ಎಂದರು. “ಇಲ್ಲಿ ಯಾರು ಯಾವ ವೈರನ್ನು ಮುಟ್ಟಿಸಿದರು?”

ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಸಂಶಯವೂ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ಹೇಳುತ್ತಿದ್ದಂತೆ ಗಂಟಲಿನಲ್ಲಿ ಸಿಕ್ಕಿದ್ದ ಮುಳ್ಳು ಜಾರಿದಂತಾಯಿತು. ಅವರು ಮೂರೇ ಪ್ರಶ್ನೆ ಕೇಳಿದರು. ಎಷ್ಟು ಹೊತ್ತು? ಎರಡು ಸೆಕೆಂಡು. ಆ ಇನ್ನೊಂದು ಗಾಡಿಯ ಎಂಜಿನ್ ನಡೆಯುತ್ತಿತ್ತೇ? ಹೌದು. ನಿಮ್ಮ ಗಾಡಿಯ ಕೀ?

“ಆನ್ ಇತ್ತು ಚಾಚಾ. ಹುಡುಗ ಕುಳಿತಿದ್ದ.”

“ಹಾಗಾದರೆ ಇಸಿಎಂ ಆಮೇಲೆ ನೋಡೋಣ” ಎಂದು ಒಳಗೆ ಹೋದರು.

ಅವರು ಹೊರಗೆ ತಂದದ್ದು ಒಂದು ಬಲ್ಬು. ಗಾಡಿಯ ಹಿಂದೆ ತಿರುವಿನ ಸೂಚನೆಗೆ ಹಾಕುವಂಥ 12 ವೋಲ್ಟ್, 21 ವ್ಯಾಟಿನದು. ಅದಕ್ಕೆ ಎರಡು ವೈರು ಬೆಸೆದು, ಅವುಗಳ ತುದಿಗೆ ಸುಟ್ಟ ಫ್ಯೂಸಿನ ಎರಡು ಕಾಲುಗಳನ್ನು ಜೋಡಿಸಿದ್ದರು. ಪದೇ ಪದೇ ಹಾರುತ್ತಿದ್ದ ಫ್ಯೂಸನ್ನು ಕಿತ್ತು, ಅದರ ಜಾಗದಲ್ಲಿ ಇದನ್ನು ಸಿಕ್ಕಿಸಿದರು. ಒಂದು ಹಳೆಯ ಆದರೆ ತುಂಬಿದ ಬ್ಯಾಟರಿಯನ್ನು ನಮ್ಮ ಗಾಡಿಗೆ ಕೊಟ್ಟು, “ಕೀ ಆನ್ ಮಾಡಿ” ಎಂದರು. ಬಲ್ಬು ಭಗ್ಗನೆ ಪೂರ್ತಿ ಹತ್ತಿತು.

ನಾನು ನೋಡುತ್ತಾ ನಿಂತೆ. ಅದು ಎಷ್ಟು ಸರಳವೋ ಅಷ್ಟೇ ಆಳವಾದ ಉಪಾಯ. ಮುಂದೆ ಎಲ್ಲೋ ಶಾರ್ಟ್ ಇದ್ದರೆ ಫ್ಯೂಸು ಒಂದು ಕ್ಷಣದಲ್ಲಿ ಸತ್ತು ಸುಮ್ಮನಾಗುತ್ತದೆ. ಹುಡುಕುವವನಿಗೆ ಸಿಗುವುದು ಆ ಒಂದು ಕ್ಷಣ ಮಾತ್ರ. ಬಲ್ಬು ಸಾಯುವುದಿಲ್ಲ. 21 ವ್ಯಾಟಿನ ಬಲ್ಬಿನ ಮೂಲಕ ಎರಡು ಆಂಪಿಯರ್ ಒಳಗೇ ಹರಿಯುತ್ತದೆ, ಆದ್ದರಿಂದ ವೈರು ಸುಡುವ ಭಯವಿಲ್ಲ. ಶಾರ್ಟ್ ಇರುವಷ್ಟು ಹೊತ್ತು ಅದು ಉರಿಯುತ್ತಲೇ ಇರುತ್ತದೆ, ‘ಇನ್ನೂ ಇದೆ, ಇನ್ನೂ ಇದೆ’ ಎನ್ನುತ್ತಿರುತ್ತದೆ. ಆ ಫ್ಯೂಸಿನ ಮೇಲೆ ನಿಂತಿರುವ ಸಾಮಾನುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದರೆ, ಯಾವುದನ್ನು ಕಿತ್ತಾಗ ಬಲ್ಬು ನಂದುತ್ತದೆಯೋ ಅದೇ ಕಳ್ಳ.

ಚಾಚಾ ಇಸಿಎಂ ಜೋಡಣೆಯನ್ನೇ ಮೊದಲು ಬಿಡಿಸಿದರು. ಬಲ್ಬು ನಂದಲಿಲ್ಲ. 38 ಸಾವಿರದ ಹೊರೆ ಹೆಗಲಿನಿಂದ ಇಳಿದದ್ದು ಆಗಲೇ. ಆ ಸಾಲಿನ ಇನ್ನೆರಡು ಜೋಡಣೆಗಳನ್ನು ಬಿಡಿಸಿದರು, ಇಲ್ಲ. ಕೊನೆಗೆ ಫ್ಯೂಸ್ ಪೆಟ್ಟಿಗೆಯಲ್ಲಿ ಬೆಂಕಿಪೊಟ್ಟಣದ ಅರ್ಧದಷ್ಟಿದ್ದ ಕಪ್ಪು ರಿಲೇ (ಕರೆಂಟಿನಿಂದಲೇ ತೆರೆದು ಮುಚ್ಚುವ ಸ್ವಿಚ್ಚು) ಒಂದನ್ನು ಹಿಡಿದು ಅಲುಗಿಸಿ ಕಿತ್ತರು. ಬಲ್ಬು ನಂದಿತು. ಮತ್ತೆ ಒತ್ತಿದರು, ಹತ್ತಿತು. ಕಿತ್ತರು, ನಂದಿತು.

ರಿಲೇಯನ್ನು ನನ್ನ ಅಂಗೈಯಲ್ಲಿಟ್ಟರು. ಅದರ ಬದಿಯಲ್ಲಿ ಬಿಳಿ ಗೆರೆಗಳಲ್ಲಿ ಒಳಗಿನ ಚಿತ್ರ ಅಚ್ಚಾಗಿತ್ತು. ಒಂದು ಸುರುಳಿ, ಒಂದು ಸ್ವಿಚ್ಚು, ಸುರುಳಿಯ ಪಕ್ಕದಲ್ಲಿ ಅಡ್ಡಗೆರೆಗೆ ತಲೆ ತಾಗಿಸಿ ನಿಂತ ಒಂದು ತ್ರಿಕೋನ. ಡಯೋಡು! ಅದನ್ನು ನಾನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ಡಯೋಡು ನಮ್ಮ ಕಡೆಯ ಬಾವಿ ಪಂಪಿನ ಫುಟ್‌ವಾಲ್ವ್ ಇದ್ದ ಹಾಗೆ. ನೀರನ್ನು ಮೇಲೆ ಬಿಡುತ್ತದೆ, ಕೆಳಗೆ ಬಿಡುವುದಿಲ್ಲ. ರಿಲೇಯ ಸುರುಳಿಗೆ ಕರೆಂಟು ನಿಂತ ಕ್ಷಣ ಸುರುಳಿ ಹಿಮ್ಮುಖವಾಗಿ ಒಂದು ದೊಡ್ಡ ಏಟು ಕೊಡುತ್ತದೆ. ಆ ಏಟನ್ನು ನುಂಗಲು ಸುರುಳಿಗೆ ಸಮಾನಾಂತರವಾಗಿ ಈ ಡಯೋಡನ್ನು ಇಟ್ಟಿರುತ್ತಾರೆ. ಕಂಬಗಳು ಸರಿಯಾಗಿದ್ದಾಗ ಅದು ಮುಚ್ಚಿದ ಬಾಗಿಲು. ನಾನು ಕೇಬಲ್ ಅದಲುಬದಲು ಮಾಡಿದಾಗ ಅದು ಹಾರುಹೊಡೆದ ಬಾಗಿಲಾಯಿತು. ಕೀ ಆನ್ ಇದ್ದದ್ದರಿಂದ ದಾರಿ ತೆರೆದಿತ್ತು. ಸುರುಳಿಯ ತಡೆಯನ್ನು ಬಿಟ್ಟು ಕರೆಂಟೆಲ್ಲ ಡಯೋಡಿನ ಮೂಲಕ ನುಗ್ಗಿತು. ಫ್ಯೂಸು ಹಾರುವಷ್ಟರಲ್ಲಿ ಡಯೋಡು ಬೆಂದು, ಎರಡೂ ಕಡೆ ಬಿಡುವ ಬರೀ ತಂತಿಯಾಗಿ ಉಳಿಯಿತು. ಮಲ್ಟಿಮೀಟರ್ ಇಟ್ಟು ನೋಡಿದೆ. ಹತ್ತಾರು ಓಮ್ ತೋರಿಸಬೇಕಾದ ಸುರುಳಿಯ ಕಾಲುಗಳ ನಡುವೆ ಒಂದು ಓಮ್ ಕೂಡ ಇಲ್ಲ. ಹೊಸ ಫ್ಯೂಸುಗಳೆಲ್ಲ ಹಾರಿದ್ದು ಇದಕ್ಕೆ. ರಿಲೇ ಮುಚ್ಚಿಕೊಳ್ಳದಿದ್ದರೆ ಇಸಿಎಂಗೆ ಕರೆಂಟೇ ಇಲ್ಲ. ಕರೆಂಟಿಲ್ಲದ ಇಸಿಎಂ ಸ್ಕ್ಯಾನರಿಗೆ ಏನೆಂದು ಉತ್ತರ ಕೊಟ್ಟೀತು?

ಅಂದು ರಾತ್ರಿ ಮನೆಯಲ್ಲಿ ಹಾಳೆಯ ಮೇಲೆ ಆ ಸರ್ಕ್ಯೂಟನ್ನು ಬರೆದು ನೋಡಿದೆ. ಡಯೋಡು ಕರೆಂಟನ್ನೆಲ್ಲ ತನ್ನ ಮೇಲೆ ಎಳೆದುಕೊಂಡ ಆ ಕ್ಷಣದಲ್ಲಿ ಸುರುಳಿಯ ಎರಡು ತುದಿಗಳ ನಡುವೆ ಒಂದು ವೋಲ್ಟಿನಷ್ಟೂ ಉಳಿದಿರಲಿಕ್ಕಿಲ್ಲ. ಅಂದರೆ ರಿಲೇಯ ಸ್ವಿಚ್ಚು ತೆರೆದುಕೊಂಡಿತು, ತಿರುವುಮುರುವಾದ ಕರೆಂಟು ಇಸಿಎಂ ತಲುಪುವ ಮುಖ್ಯ ದಾರಿ ಮುಚ್ಚಿತು. ಸಾಸಿವೆ ಕಾಳಿನಷ್ಟು ದೊಡ್ಡದಿರಬಹುದಾದ ಆ ತುಣುಕು ತಾನು ಸುಟ್ಟು ಇಸಿಎಂ ಅನ್ನು ಉಳಿಸಿತ್ತು. ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಹೊಸ ರಿಲೇಗೆ 300 ರೂಪಾಯಿಯೂ ಆಗಲಿಲ್ಲ. ಹಾಕಿದೊಡನೆ ಎಂಜಿನ್ ದೀಪ ಹಳದಿಯಾಗಿ ಕಣ್ಣುಬಿಟ್ಟಿತು. ಸೆಲ್ಫ್ ಹೊಡೆಯಲು ಕೀ ತಿರುಗಿಸಬೇಕೆಂದಿದ್ದೆ, ಚಾಚಾ ಕೈಯೆತ್ತಿ ತಡೆದರು. “ಕಂಬ ತಿರುಗಿದ ಗಾಡಿಯಲ್ಲಿ ಡೈನಮೋ ನೋಡದೆ ಎಂಜಿನ್ ಎತ್ತಬಾರದು.”

ನಮ್ಮಲ್ಲಿ ಎಲ್ಲರೂ ಡೈನಮೋ ಎನ್ನುವುದು ನಿಜದಲ್ಲಿ ಆಲ್ಟರ್ನೇಟರ್. ಹಳೆಯ ಡೈನಮೋ ಕಾರುಗಳಿಂದ ಮರೆಯಾಗಲು ಶುರುವಾದದ್ದು 1960ರ ಸುಮಾರಿಗೆ, ಗಟ್ಟಿಮುಟ್ಟಾದ ಸಿಲಿಕಾನ್ ಡಯೋಡುಗಳು ಅಗ್ಗಕ್ಕೆ ಸಿಗತೊಡಗಿದ ಮೇಲೆ. ಆಲ್ಟರ್ನೇಟರ್ ಮೂರು ಸುತ್ತುಗಳಲ್ಲಿ ಹಿಂದೆ ಮುಂದೆ ತೂಗುವ ಕರೆಂಟನ್ನು ಹುಟ್ಟಿಸುತ್ತದೆ. ಅದನ್ನು ಬ್ಯಾಟರಿಗೆ ಒಗ್ಗುವ ನೇರ ಕರೆಂಟಾಗಿ ತಿರುಗಿಸುವುದು ಹಿಂಭಾಗದ ತಟ್ಟೆಯಲ್ಲಿ ಮೇಲೆ ಮೂರು, ಕೆಳಗೆ ಮೂರು ಕುಳಿತ ಆರು ಡಯೋಡುಗಳು. ತಂತ್ರ ಹೋದರೂ ಹೆಸರು ಹೋಗಲಿಲ್ಲ. ಕೇಬಲ್ ತಿರುವಿ ಹಾಕಿದಾಗ ಈ ಆರೂ ಡಯೋಡುಗಳು ಒಮ್ಮೆಲೇ ಬಾಗಿಲು ತೆರೆಯುತ್ತವೆ. ಇವುಗಳಿಗೆ ಕೀಯ ಹಂಗೂ ಇಲ್ಲ, ನೇರವಾಗಿ ಬ್ಯಾಟರಿಗೇ ಕಟ್ಟಿರುತ್ತವೆ. ಅಂದು ನಾನು ಕಂಡ ಕಿಡಿಯ ದೊಡ್ಡ ಪಾಲು ಹರಿದದ್ದು ಇಲ್ಲಿಗೇ.

ಮೊದಲು ಡೈನಮೋದ ಹಿಂದಿನ ದಪ್ಪ ಬೋಲ್ಟಿಗೆ ಮೀಟರ್ ಮುಟ್ಟಿಸಿದರು. ಎಂಜಿನ್ ನಿಂತಿದ್ದರೂ ಅಲ್ಲಿ ಬ್ಯಾಟರಿಯ 12 ವೋಲ್ಟ್ ಕಾಣಬೇಕು. ಕಂಡದ್ದು ಸೊನ್ನೆ. ಪ್ಲಸ್ ಕಂಬದ ಪಕ್ಕದ ಪೆಟ್ಟಿಗೆಯಲ್ಲಿ ಬೋಲ್ಟ್ ಹಾಕಿ ಬಿಗಿದಿದ್ದ 80 ಆಂಪಿಯರಿನ ಮುಖ್ಯ ಫ್ಯೂಸು ನಡುವೆ ಕರಗಿ ತುಂಡಾಗಿತ್ತು. ಸಾಮಾನ್ಯವಾಗಿ ಇಲ್ಲಿ ಹೊಸ ಫ್ಯೂಸ್ ಬಿಗಿದು ‘ನಡೆಯುತ್ತದೋ ನೋಡೋಣ’ ಎನ್ನುತ್ತಾರೆ. ಚಾಚಾ ಮತ್ತೆ ಆ ಬಲ್ಬನ್ನೇ ತೆಗೆದುಕೊಂಡರು. ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಡೈನಮೋದ ಬೋಲ್ಟಿಗೆ. ಆರೂ ಫುಟ್‌ವಾಲ್ವು ಸರಿ ಇದ್ದರೆ ಬಲ್ಬು ಮಿಸುಕಬಾರದು. ಅದು ಹತ್ತಿ ಉರಿಯಿತು.

ಡೈನಮೋ ಇಳಿಸಿ, ಹಿಂದಿನ ಮುಚ್ಚಳ ಬಿಚ್ಚಿ, ತಟ್ಟೆಯನ್ನು ಬೇರ್ಪಡಿಸುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ತಗಡಿನ ಕೆಳಗೆ ಕುಲುಮೆಯಂಥ ಶಾಖ. ಅಂಗಡಿಯ ಹುಡುಗ ಚಹಾ ತಂದ. ಒಂದೊಂದೇ ಡಯೋಡಿಗೆ ಮೀಟರಿನ ಮುಳ್ಳುಗಳನ್ನು ಮುಟ್ಟಿಸಿ ನೋಡುವ ಕೆಲಸವನ್ನು ಚಾಚಾ ನನಗೇ ಬಿಟ್ಟರು. ಚೆನ್ನಾಗಿರುವ ಡಯೋಡು ಒಂದು ಕಡೆಯಿಂದ 0.5 ವೋಲ್ಟಿನ ಆಸುಪಾಸು ತೋರಿಸುತ್ತದೆ, ಮುಳ್ಳು ತಿರುವಿದರೆ ಏನನ್ನೂ ತೋರಿಸುವುದಿಲ್ಲ. ನಾಲ್ಕು ಹಾಗೆಯೇ ಇದ್ದವು. ಮೇಲಿನ ಸಾಲಿನಲ್ಲಿ ಒಂದು, ಕೆಳಗಿನ ಸಾಲಿನಲ್ಲಿ ಒಂದು, ಎರಡೂ ಕಡೆಯಿಂದ ಸೊನ್ನೆ. ಬಲ್ಬು ಹತ್ತಿದ ದಾರಿ ಕಣ್ಣಿಗೆ ಕಟ್ಟಿದಂತಾಯಿತು: ಬೋಲ್ಟಿನಿಂದ ಮೇಲಿನ ಸತ್ತ ಡಯೋಡಿಗೆ, ಅಲ್ಲಿಂದ ತಾಮ್ರದ ಸುತ್ತಿನೊಳಗೆ, ಸುತ್ತಿನಿಂದ ಕೆಳಗಿನ ಸತ್ತ ಡಯೋಡಿಗೆ, ಅಲ್ಲಿಂದ ಅರ್ಥಿಗೆ. ಒಂದೇ ಸತ್ತಿದ್ದರೆ ಬಲ್ಬು ಹತ್ತುತ್ತಿರಲಿಲ್ಲ, ಎಂಜಿನ್ ಎತ್ತಿದ ಮೇಲೆಯೇ ತಿಳಿಯುತ್ತಿತ್ತು. ಹಾಗಾಗಿ ತಟ್ಟೆ ಬದಲಿಸಿದ ಮೇಲೂ ಇನ್ನೊಂದು ಪರೀಕ್ಷೆ ಮಾಡಿದೆವು. ಎಂಜಿನ್ ನಡೆಯುತ್ತಿರುವಾಗ ಮೀಟರನ್ನು ಎಸಿ ಕಡೆಗೆ ತಿರುಗಿಸಿ ಬ್ಯಾಟರಿಯ ಕಂಬಗಳ ಮೇಲೆ ಇಟ್ಟರೆ, ನೇರ ಕರೆಂಟಿನ ಮೇಲೆ ಉಳಿದ ಅಲುಗಾಟ ಕಾಣುತ್ತದೆ. ಅರ್ಧ ವೋಲ್ಟ್ ಮೀರಿದರೆ ಡಯೋಡು ಸಂಶಯಾಸ್ಪದ. ನಮ್ಮದು 0.04 ಬಂತು. ಡಿಸಿ ಕಡೆ 14.2 ವೋಲ್ಟ್, ದೀಪ, ಫ್ಯಾನು ಎಲ್ಲ ಹಾಕಿದ ಮೇಲೆ 13.9.

ಕೆಲಸ ಮುಗಿಯಿತು ಎಂದುಕೊಂಡೆ. ಚಾಚಾ ಕೇಳಿದರು: “ಮೂರು ವಾರ ನಿಂತರೆ ಬ್ಯಾಟರಿ ಪೂರ್ತಿ ಸಾಯುವುದಿಲ್ಲ ಮಾಸ್ತರರೇ. ನಿಮ್ಮದು ಅದಕ್ಕೂ ಮೊದಲೇ ಯಾಕೆ ಸೋತಿತ್ತು?”

ಈ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ. ಕಿಡಿ ಹಾರಿದ ಕ್ಷಣದಿಂದಲೇ ಕಥೆ ಶುರುವಾಯಿತೆಂದು ನಂಬಿದ್ದೆ. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಯಲು ಹೇಳಿದರು. ಅವೆರಡೂ ಒಂದೇ ಅರ್ಥ್, ನಡುವೆ 0.2 ವೋಲ್ಟಿಗಿಂತ ಹೆಚ್ಚು ಬರಬಾರದು. 0.9 ಬಂತು. ಮೈನಸ್ ಕೇಬಲ್ ಗಾಡಿಯ ಮೈಗೆ ಸೇರುವ ಬೋಲ್ಟಿನ ಕೆಳಗೆ ತುಕ್ಕು ಪದರ ಕಟ್ಟಿತ್ತು. ಡೈನಮೋ ಕೊಡುತ್ತಿದ್ದುದರಲ್ಲಿ ಒಂದು ಪಾಲು ಆ ತುಕ್ಕಿನಲ್ಲೇ ಸೋರಿಹೋಗಿ, ಬ್ಯಾಟರಿ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇದ್ದಿರಬೇಕು. ಉಪ್ಪುಕಾಗದದಲ್ಲಿ ತಿಕ್ಕಿ, ಹೊಳೆಯುವಂತೆ ಮಾಡಿ ಬಿಗಿದ ಮೇಲೆ 0.1 ಆಯಿತು.

ಬ್ಯಾಟರಿಯನ್ನು ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಮಾಡಿ ನೋಡಿದೆವು. ಪೂರ್ತಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸಬೇಕು, 12.2 ಎಂದರೆ ಅರ್ಧ. ನಮ್ಮದು 12.5ಕ್ಕೆ ಬಂತು, ನೋಡಲು ಚೆನ್ನಾಗಿಯೇ ಇತ್ತು. ಸೆಲ್ಫ್ ಹೊಡೆದಾಗ 8.8ಕ್ಕೆ ಕುಸಿಯಿತು. 9.6ರ ಕೆಳಗೆ ಹೋದರೆ ಭರವಸೆ ಇಡುವಂತಿಲ್ಲ. ನಾಲ್ಕು ವರ್ಷದ ಬ್ಯಾಟರಿ, ನಾಲ್ಕು ಕಲಬುರಗಿಯ ಬೇಸಿಗೆ. ಚಳಿ ಬ್ಯಾಟರಿಯನ್ನು ಕೊಲ್ಲುತ್ತದೆ ಎನ್ನುವವರು ನಮ್ಮೂರಿನ ಮೇ ತಿಂಗಳನ್ನು ಕಂಡಿಲ್ಲ. 42, 43 ಡಿಗ್ರಿಯ ಬಿಸಿಲಿನಲ್ಲಿ ಬಾನೆಟ್ ಕೆಳಗಿನ ಶಾಖ ಇನ್ನೂ ಎಷ್ಟೋ ಹೆಚ್ಚು. ತಾಪ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ. ಒಳಗಿನ ಸೀಸದ ಜಾಲರಿ ತಿನ್ನಿಸಿಕೊಳ್ಳುವುದೂ, ನೀರು ಆರುವುದೂ ಅದೇ ವೇಗದಲ್ಲಿ. ಹೊಸ ಬ್ಯಾಟರಿ ತಂದೆ. ಕಾರನ್ನು ಈಗ ನೆರಳು ಬೀಳುವ ಪಶ್ಚಿಮದ ಗೋಡೆಯ ಹತ್ತಿರ ನಿಲ್ಲಿಸುತ್ತೇನೆ. ಸ್ಟೀರಿಯೊ ಕೂಡ ಕಿಡಿ ಹಾರಿದ ದಿನವೇ ಸತ್ತಿತ್ತು, ಅದನ್ನು ರಿಪೇರಿ ಮಾಡಿಸಲಿಲ್ಲ.

ಹೊಸ ಬ್ಯಾಟರಿ ಕೂರಿಸುವಾಗ ಚಾಚಾ ನನ್ನ ಎರಡು ಬೆರಳು ಹಿಡಿದು ಎರಡೂ ಕಂಬಗಳ ಮೇಲೆ ಇಟ್ಟರು. “ಕಣ್ಣು ಮುಚ್ಚಿ ಹೇಳಿ, ಯಾವುದು ದಪ್ಪ?” ಎಡಗಡೆಯದು ಕೂದಲೆಳೆಯಷ್ಟಲ್ಲ, ಬೆರಳಿಗೆ ಸ್ಪಷ್ಟವಾಗಿ ತಿಳಿಯುವಷ್ಟು ದಪ್ಪ. ಅದು ಪ್ಲಸ್. ಈ ಬಗೆಯ ಬ್ಯಾಟರಿಗಳಲ್ಲಿ ಪ್ಲಸ್ ಕಂಬವನ್ನು ದಪ್ಪಗೆ ಎರಕ ಹೊಯ್ಯುತ್ತಾರೆ, ಜೋಡಣೆ ಅದಲುಬದಲಾಗದಿರಲಿ ಎಂದೇ. ಅಂದು ಬೆಳಗ್ಗೆ ಆ ಪುಡಿಯನ್ನು ಒರೆಸಿ ಒಮ್ಮೆ ಮುಟ್ಟಿ ನೋಡಿದ್ದರೆ ಸಾಕಿತ್ತು.

ಕೇಬಲ್ ಹಾಕುವ ಕ್ರಮವನ್ನೂ ಅವರ ಮುಂದೆ ಒಪ್ಪಿಸಿದೆ, ಅವರು ತಲೆಯಾಡಿಸಿದರು. ಎರಡೂ ಗಾಡಿಯ ಕೀ ಆಫ್. ಕೆಂಪು ಮೊದಲು ಇಳಿದ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ತುದಿ ಇಳಿದ ಗಾಡಿಯ ಎಂಜಿನ್ನಿನ ಬರೀ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಜೋಡಣೆಯಲ್ಲಿ ಕಿಡಿ ಬಂದೇ ಬರುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತಿರುತ್ತದೆ; ಇವೆರಡನ್ನೂ ಒಂದೆಡೆ ಸೇರಿಸಬಾರದು. ನಾನು ಬ್ಯಾಟರಿಯ ಮೇಲೆಯೇ, ಮುಖ ಬಗ್ಗಿಸಿಕೊಂಡು ಆ ಕಿಡಿ ಹಾರಿಸಿದ್ದೆ. ಇದನ್ನು ಹೇಳುವಾಗ ನನ್ನ ದನಿ ನಡುಗಿತು. ಒಳಗಿನ ಆಮ್ಲ ಕಣ್ಣಿಗೆ ಸಿಡಿದಿದ್ದರೆ ಅಂದು ಕಣ್ಣಿನ ಆಸ್ಪತ್ರೆಗೆ ಅವ್ವನ ಜೊತೆ ನಾನೂ ದಾಖಲಾಗಬೇಕಿತ್ತು.

ಎದುರು ಮನೆಯ ಹುಡುಗನಿಗೆ ಹೊಸ ಬ್ಯಾಟರಿ ಕೂರಿಸಿದ ದಿನವೇ ಸಂಜೆ ಎಲ್ಲವನ್ನೂ ಹೇಳಿದೆ. ತನ್ನ ಕಾರಿನಿಂದಲೇ ನಮ್ಮ ಕಾರು ಕೆಟ್ಟಿತೆಂದು ಅವನು ಹತ್ತು ದಿನ ಒಳಗೊಳಗೇ ನೊಂದುಕೊಂಡಿದ್ದ. ಎದುರಾದಾಗ ಮುಖ ತಪ್ಪಿಸುತ್ತಿದ್ದುದಕ್ಕೆ ಕಾರಣ ನನಗೆ ತಿಳಿದದ್ದು ಆಗಲೇ. ನನ್ನ ಮೌನ ಇನ್ನೊಬ್ಬರ ಮೇಲೂ ಭಾರ ಹೊರಿಸಿತ್ತು. ಅವನ ಕಾರನ್ನೂ ಚಾಚಾರ ಹತ್ತಿರ ಒಯ್ದು ಅಳತೆ ಮಾಡಿಸಿದೆ. ಚಾರ್ಜಿಂಗ್ 14.3, ಅಲುಗಾಟ ಏನೂ ಇಲ್ಲ, ಬ್ಯಾಟರಿ ಗಟ್ಟಿ. “ಸರ್, ನಾನೂ ಇಳಿದು ಬಂದು ಬೆಳಕು ಹಿಡಿಯಬೇಕಿತ್ತು” ಎಂದ. ಅವ್ವನಿಗೂ ಹೇಳಿದೆ. ಕಪ್ಪು ಕನ್ನಡಕದ ಹಿಂದಿನಿಂದ ನನ್ನನ್ನೇ ನೋಡುತ್ತಾ, “ಅಂದೇ ಹೇಳಬಾರದಿತ್ತೇ?” ಎಂದಳು, ಅಷ್ಟೇ.

ಉಳಿದದ್ದು ಆ ದೊಡ್ಡ ವರ್ಕ್‌ಶಾಪು. ಹೋಗಲೇಬೇಕೆಂದೇನೂ ಇರಲಿಲ್ಲ, ಕಾರು ಸರಿಯಾಗಿತ್ತು. ಆದರೆ ಆ ಹುಡುಗನ ತಲೆಯಲ್ಲಿ ‘ನಿಂತಲ್ಲೇ ಫ್ಯೂಸ್ ಹಾರಿದರೆ ಇಸಿಎಂ ಸತ್ತಿದೆ’ ಎಂಬ ಲೆಕ್ಕವನ್ನು ನಾನು ತಪ್ಪಾಗಿ ಬರೆದು ಬಂದಿದ್ದೆ. ಅದರ ಮೇಲೆ ಅವನು ನಾಳೆ ಇನ್ನೊಬ್ಬರ ಗಾಡಿಯ ಬಗ್ಗೆ ನಿರ್ಧಾರ ಮಾಡಬಹುದು. ಮಾಸ್ತರನಾದವನಿಗೆ ಅದು ಸಹಿಸುವ ವಿಷಯವಲ್ಲ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಹೋದೆ. ಅವನು ಒಂದು ಗಾಡಿಯ ಕೆಳಗಿನಿಂದ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತಾ ನಿಂತ. ಅಂದು ನಾನು ನಿಜ ಹೇಳಿರಲಿಲ್ಲ ಎಂದೆ. ಕೇಬಲ್, ಕಿಡಿ, ಕೀ, ಬಲ್ಬು, ಎಲ್ಲವನ್ನೂ ವಿವರಿಸಿದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ಎಷ್ಟು ವ್ಯಾಟಿನ ಬಲ್ಬು ಎಂದು ಕೇಳಿದ, ಮೊಬೈಲಿನಲ್ಲಿ ಬರೆದುಕೊಂಡ.

ಜೇಬಿನಿಂದ ಆ ರಿಲೇ ತೆಗೆದು ಕೊಟ್ಟೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಬದಿಯ ಚಿತ್ರದ ಮೇಲೆ ಅವನ ಉಗುರು ಬಂದು ತ್ರಿಕೋನದ ಹತ್ತಿರ ನಿಂತಿತು.

“ಇದನ್ನು ನಾನು ಇಟ್ಟುಕೊಳ್ಳಲೇ ಸರ್?”

ಶಾಲೆಯಲ್ಲಿ ಮಕ್ಕಳಿಗೆ ತೋರಿಸಬೇಕೆಂದು ತೆಗೆದಿಟ್ಟುಕೊಂಡಿದ್ದೆ. “ಇಟ್ಟುಕೊಳ್ಳಪ್ಪ” ಎಂದೆ.